ಎಂಟು ಊರು ಸುತ್ತುವುದಕ್ಕಿಂತ ಒಂದು ಕಲ್ಲು ನೋಡಿ ಬನ್ನಿ

ಓದುಗರ ಪ್ರಶ್ನೆಗೆ ತಜ್ಞರ ಉತ್ತರ
ಈ ವಾರ ಶಾಲಾ ಪ್ರವಾಸದ ಬಗ್ಗೆ. ಉತ್ತರಿಸಿರುವವರು ನಿವೃತ್ತ ಪ್ರೌಢಶಾಲಾ ಸಮಾಜ ವಿಜ್ಞಾನ ಶಿಕ್ಷಕರು.

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕಿ. 8ನೇ ತರಗತಿಯ 45 ಮಕ್ಕಳನ್ನು ಮೂರು ದಿನದ ಪ್ರವಾಸಕ್ಕೆ ಕರೆದುಕೊಂಡು ಹೋಗಬೇಕು. ಹಂಪಿ, ತುಂಗಭದ್ರಾ ಡ್ಯಾಮ್, ಬಾದಾಮಿ, ಪಟ್ಟದಕಲ್ಲು, ಐಹೊಳೆ, ಕೂಡಲಸಂಗಮ, ಆಲಮಟ್ಟಿ, ಗೋಳಗುಮ್ಮಟ ಎಲ್ಲಾ ಪಟ್ಟಿಯಲ್ಲಿವೆ. ಇಷ್ಟು ಓಡಾಡಿದರೆ ಮಕ್ಕಳ ತಲೆಯಲ್ಲಿ ಏನೂ ಉಳಿಯಲ್ಲ ಅನ್ನೋ ಅಳುಕು ನನಗೆ. ಕಡಿಮೆ ಮಾಡಿದರೆ ‘ಕೊಟ್ಟ ದುಡ್ಡಿಗೆ ಏನು ತೋರಿಸಿದ್ರಿ’ ಅಂತ ಪೋಷಕರು ಕೇಳ್ತಾರೆ. ಏನು ಮಾಡಲಿ ಸರ್?

ಉತ್ತರ: ಮೇಡಂ, ನಿಮ್ಮ ಅಳುಕು ಸರಿಯಾಗಿದೆ. ಅರ್ಧಕ್ಕಿಂತ ಜಾಸ್ತಿ ಹೊಡೆದುಹಾಕಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ ಸಾಕು. ಬಾದಾಮಿಯಿಂದ ಪಟ್ಟದಕಲ್ಲಿಗೆ ಸುಮಾರು 22 ಕಿ.ಮೀ., ಅಲ್ಲಿಂದ ಐಹೊಳೆ ಇನ್ನೂ ಹತ್ತಿರ. ಬಸ್ಸಿನಲ್ಲಿ ಕೂರುವ ಹೊತ್ತು ಉಳಿದರೆ, ನಿಂತು ನೋಡುವ ಹೊತ್ತು ಸಿಗುತ್ತದೆ.

ನಾನೂ ಮೊದಮೊದಲು ನಿಮ್ಮ ಪಟ್ಟಿಯಂಥದ್ದನ್ನೇ ಹಿಡಿದು ಹೊರಟವನು. ‘ವಾಪಸ್ ಬಂದ ಮೇಲೆ ಎಲ್ಲರೂ ವರದಿ ಬರೆಯಬೇಕು’ ಅಂತ ಹೇಳಿದ್ದೆ. ಪಟ್ಟದಕಲ್ಲಿನಲ್ಲಿ ತಿರುಗಿ ನೋಡಿದರೆ ಇಡೀ ತರಗತಿ ದೇವಸ್ಥಾನಕ್ಕೆ ಬೆನ್ನು ಹಾಕಿ ನಿಂತಿದೆ! ಫಲಕದ ಮೇಲಿನ ಬರಹವನ್ನು ಗಡಿಬಿಡಿಯಲ್ಲಿ ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದಾರೆ. ಅದು ಮಕ್ಕಳ ತಪ್ಪಲ್ಲ. ಏನು ನೋಡಬೇಕು ಅಂತ ನಾನು ಹೇಳಿಕೊಟ್ಟಿರಲಿಲ್ಲ. ಅಂದಿನಿಂದ ಪ್ರತಿ ಪ್ರವಾಸಕ್ಕೂ ಮುಂಚೆ ತರಗತಿಯಲ್ಲೇ ಒಂದು ಪ್ರಶ್ನೆ ಇಟ್ಟುಕೊಂಡು ಹೊರಡುವುದು ರೂಢಿಯಾಯಿತು.

ನಿಮ್ಮ ಮಕ್ಕಳಿಗೆ ನಾನು ಕೊಡುವ ಪ್ರಶ್ನೆ ಇದು: ಈ ಕಲ್ಲು ಯಾವುದು, ಇಲ್ಲಿ ಇದನ್ನೇ ಯಾಕೆ ಕೆತ್ತಿದರು?

ಹೊರಡುವುದಕ್ಕೆ ಒಂದು ವಾರ ಮುಂಚೆ ಮೇಜಿನ ಮೇಲೆ ಒಂದು ಗ್ರಾನೈಟ್ ಚೂರು, ಒಂದು ಮರಳುಗಲ್ಲಿನ ಚೂರು, ಒಂದು ಬಳಪದ ಕಲ್ಲಿನ ಚೂರು ಇಡಿ. ಕಬ್ಬಿಣದ ಮೊಳೆಯಿಂದ ಮಕ್ಕಳೇ ಗೀರಲಿ. ಬಳಪದ ಕಲ್ಲಿನಲ್ಲಿ ಗೀರು ಸಲೀಸಾಗಿ ಬೀಳುತ್ತದೆ. ಗ್ರಾನೈಟಿನಲ್ಲಿ ಎಷ್ಟು ಒತ್ತಿದರೂ ಬೀಳಲ್ಲ. ಬೇಲೂರು, ಹಳೇಬೀಡಿನಲ್ಲಿ ಹೊಯ್ಸಳರು ಬಳಸಿದ್ದು ಬಳಪದ ಕಲ್ಲು. ಅದಕ್ಕೇ ಅಲ್ಲಿ ಸರದ ಒಂದೊಂದು ಮಣಿಯನ್ನೂ ಬಿಡಿಸಲು ಆಯಿತು. ಹಂಪಿಯದು ಗ್ರಾನೈಟ್ ಬಂಡೆಗಳ ನಾಡು. ಬಾದಾಮಿಯದು ಕೆಂಪು ಮರಳುಗಲ್ಲು. ಗೀರುವ ಆಟ ತರಗತಿಗೇ ಮುಗಿಯಬೇಕು, ಸ್ಮಾರಕದ ಹತ್ತಿರ ಮೊಳೆ ಹೋಗಲೇಬಾರದು. ಇದನ್ನು ಎರಡು ಸಲ ಹೇಳಿ.

ಬಾದಾಮಿಯಲ್ಲಿ ಗುಹೆಗೆ ಹತ್ತುವ ಮೆಟ್ಟಿಲ ಹತ್ತಿರ ಐದು ನಿಮಿಷ ನಿಲ್ಲಿಸಿ. ಬಂಡೆಯಲ್ಲಿ ಪದರು ಪದರಾಗಿ ಗೆರೆ ಕಾಣುತ್ತವೆ. ಒಂದು ಸಲ ಒಬ್ಬ ಹುಡುಗಿ ಆ ಗೆರೆಗಳನ್ನೇ ನೋಡುತ್ತಾ, ‘ಸಾ, ನಮ್ಮೂರ ಹಳ್ಳದ ದಂಡೇಲೂ ಹಿಂಗೇ ಗೆರೆ ಇರ್ತವೆ’ ಅಂದಳು. ನೀರು ಮರಳು ತಂದು ಹಾಸುತ್ತದೆ, ಅದರ ಮೇಲೆ ಇನ್ನೊಂದು ಪದರು ಹಾಸುತ್ತದೆ, ಕೋಟಿ ಕೋಟಿ ವರ್ಷದಲ್ಲಿ ಅದು ಕಲ್ಲಾಗುತ್ತದೆ. ಈ ಪಾಠವನ್ನು ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಮಾಡಿದ್ದೆ. ಆ ದಿನ ಅವಳೇ ನನಗೆ ಮಾಡಿದಳು.

ಮೂರನೇ ಗುಹೆಯಲ್ಲಿ ಬಾದಾಮಿ ಚಾಲುಕ್ಯ ಮನೆತನದ ಮಂಗಳೇಶನ ಶಾಸನವಿದೆ. ಅದರ ಕಾಲ ಶಕ ವರ್ಷ 500. ಅದಕ್ಕೆ 78 ಕೂಡಿಸಿದರೆ ಇಸವಿ ಬರುತ್ತದೆ ಅಂತ ಮಾತ್ರ ಹೇಳಿ. 578 ಅಂತ ಮಕ್ಕಳೇ ಕೂಗಲಿ. ಆಮೇಲೆ ಐಹೊಳೆಯ ಮೇಗುಟಿ ಗುಡಿಯಲ್ಲಿ ಕವಿ ರವಿಕೀರ್ತಿಯ ಶಾಸನ ಸಿಗುತ್ತದೆ, ಹರ್ಷವರ್ಧನನನ್ನು ಇಮ್ಮಡಿ ಪುಲಕೇಶಿ ಗೆದ್ದ ಸಂಗತಿ ಅದರಲ್ಲೇ ಇರುವುದು. ಅದು ಶಕ 556. ಅಷ್ಟು ಹೊತ್ತಿಗೆ ನೀವು ಬಾಯಿ ಬಿಡುವ ಮುಂಚೆ 634 ಅನ್ನುತ್ತಾರೆ.

ಪಟ್ಟದಕಲ್ಲಿನಲ್ಲಿ ಪೆನ್ಸಿಲ್ ಕೊಟ್ಟು ಕೂರಿಸಿ. ಗಳಗನಾಥ ಗುಡಿಯ ಶಿಖರ ಬಾಗಿಕೊಂಡು ಮೇಲೇರುವ ಉತ್ತರದ ಮಾದರಿ. ವಿರೂಪಾಕ್ಷ ಗುಡಿಯದು ಮೆಟ್ಟಿಲು ಮೆಟ್ಟಿಲಾಗಿ ಏರುವ ದಕ್ಷಿಣದ ಮಾದರಿ. ಎರಡೂ ಒಂದೇ ಆವರಣದಲ್ಲಿವೆ. ಚಿತ್ರ ಚೆನ್ನಾಗಿ ಬರಬೇಕಂತಿಲ್ಲ, ಬರೆಯಬೇಕಾದರೆ ಕಣ್ಣು ನೋಡಲೇಬೇಕು ಅಲ್ವಾ? ಅಷ್ಟೇ ನಮಗೆ ಬೇಕಾದದ್ದು. ವಿರೂಪಾಕ್ಷ ಗುಡಿಯನ್ನು ಕಟ್ಟಿಸಿದವಳು ರಾಣಿ ಲೋಕಮಹಾದೇವಿ, ಅವಳ ಗಂಡ ಇಮ್ಮಡಿ ವಿಕ್ರಮಾದಿತ್ಯ ಕಂಚಿಯನ್ನು ಗೆದ್ದ ನೆನಪಿಗೆ. ಕಟ್ಟಿದವನು ಯಾರು? ಅವನ ಹೆಸರೂ ಅಲ್ಲಿನ ಶಾಸನದಲ್ಲಿದೆ, ಗುಂಡ ಅಂತ. ನಮ್ಮ ಮಕ್ಕಳ ಅಪ್ಪಂದಿರಲ್ಲಿ ಗಾರೆ ಕೆಲಸದವರು ಎಷ್ಟು ಜನ ಇಲ್ಲ! ಆ ಹೆಸರನ್ನು ಹೇಳದೆ ಬರಬೇಡಿ.

ಕೆಲವು ಕೆಲಸದ ಮಾತು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮಕ್ಕಳ ಪಟ್ಟಿ ಇಟ್ಟುಕೊಳ್ಳಿ. ಅವರ ಮ್ಯೂಸಿಯಂಗೆ ಶುಕ್ರವಾರ ರಜೆ. ಬಾದಾಮಿಯಲ್ಲಿ ಕೋತಿಗಳ ಕಾಟ ಜಾಸ್ತಿ, ತಿಂಡಿ ಬಸ್ಸಿನಲ್ಲೇ ಇರಲಿ.

ಪೋಷಕರ ಚಿಂತೆ ಬಿಡಿ. ಬಂದ ಮೇಲೆ ಒಂದು ಸಭೆ ಕರೆದು ಮೂರು ಕಲ್ಲಿನ ಚೂರು ಮುಂದಿಟ್ಟು ಮಕ್ಕಳಿಂದಲೇ ಮಾತಾಡಿಸಿ. ‘ಏನು ತೋರಿಸಿದ್ರಿ’ ಅಂತ ಆಮೇಲೆ ಯಾರೂ ಕೇಳಲ್ಲ.

ಪ್ರಶ್ನೆ: ನದಿ, ಹೊಂಡ, ಸಮುದ್ರ ಕಂಡರೆ ಮಕ್ಕಳು ಕೇಳಲ್ಲ. ಸ್ವಲ್ಪ ಹೊತ್ತು ಇಳಿಸಿದರೆ ತಪ್ಪೇ? (ದೈಹಿಕ ಶಿಕ್ಷಣ ಶಿಕ್ಷಕರು, ಹಾವೇರಿ)

ಉತ್ತರ: ತಪ್ಪು. ಇಳಿಸಬೇಡಿ. ಮೊಣಕಾಲುದ್ದದ ನೀರಿಗೂ ಬೇಡ. ಮೇಲಿನಿಂದ ಶಾಂತವಾಗಿ ಕಾಣುವ ನೀರಿನ ಕೆಳಗೆ ಗುಂಡಿ ಎಲ್ಲಿದೆ, ಸೆಳೆತ ಎಷ್ಟಿದೆ ಅಂತ ಊರಿನವರಿಗೆ ಗೊತ್ತು, ನಮಗೆ ಗೊತ್ತಿಲ್ಲ. ಮಕ್ಕಳನ್ನು ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬರಿಗೆ ಇನ್ನೊಬ್ಬರ ಲೆಕ್ಕ. ಬಸ್ ಹತ್ತುವಾಗ, ಇಳಿಯುವಾಗ, ಊಟಕ್ಕೆ ಕೂತಾಗ ಎಣಿಸಿ. ರಾತ್ರಿ ಪ್ರಯಾಣ ಇಟ್ಟುಕೊಳ್ಳಬೇಡಿ.

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ 7ನೇ ತರಗತಿ. ದೆಹಲಿ, ಆಗ್ರಾ ಪ್ರವಾಸಕ್ಕೆ 18,000 ರೂಪಾಯಿ ಕೇಳಿದ್ದಾರೆ. ನಮ್ಮ ಕೈಯಲ್ಲಿ ಆಗಲ್ಲ. ‘ಪರವಾಗಿಲ್ಲಮ್ಮ, ನಂಗೆ ಹೋಗೋಕೆ ಇಷ್ಟ ಇಲ್ಲ’ ಅಂದಳು. ಆದರೆ ರಾತ್ರಿ ಮುಸುಕು ಹಾಕಿಕೊಂಡು ಅತ್ತಳು. (ತಾಯಿ, ಬೊಮ್ಮನಹಳ್ಳಿ)

ಉತ್ತರ: ಓದಿ ಹೊಟ್ಟೆ ಉರಿಯಿತು ತಾಯಿ. ತರಗತಿಯ ಎಲ್ಲಾ ಮಕ್ಕಳೂ ಹೋಗಲಾಗದ ಪ್ರವಾಸವನ್ನು ನಾನು ಪಾಠದ ಭಾಗ ಅಂತ ಒಪ್ಪುವುದಿಲ್ಲ. ಮುಖ್ಯ ಶಿಕ್ಷಕರನ್ನು ಭೇಟಿಯಾಗಿ, ಸಂಕೋಚ ಬೇಡ. ‘ಸಾಲ ಮಾಡಿ ಕಳಿಸಲ್ಲ. ಎಲ್ಲರೂ ಹೋಗುವಂಥ ಒಂದು ದಿನದ ಪ್ರವಾಸವನ್ನೂ ಮಾಡಿ’ ಅಂತ ನೇರವಾಗಿ ಕೇಳಿ. ನಿಮ್ಮ ಹಾಗೇ ಸುಮ್ನೆ ಇರುವ ಪೋಷಕರು ಇನ್ನೂ ಇದ್ದೇ ಇರುತ್ತಾರೆ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ.

ಎಲ್ಲಿಗೆ ಅಂತ ಕೇಳಿದರೆ ಎರಡು ಜಾಗ ಹೇಳಿ. ಒಂದು ಲಾಲ್‌ಬಾಗ್ ಬಂಡೆ. ಸುಮಾರು 300 ಕೋಟಿ ವರ್ಷ ಹಳೆಯ ಕಲ್ಲು ಅದು, ಅದರ ಮೇಲೇ ಕೆಂಪೇಗೌಡರ ಗೋಪುರ ನಿಂತಿದೆ. ಇನ್ನೊಂದು ನಿಮ್ಮ ಮನೆಗೆ ಹತ್ತಿರದ ಬೇಗೂರು. ಅಲ್ಲಿನ ನಾಗೇಶ್ವರ ದೇವಸ್ಥಾನದಲ್ಲಿ 9ನೇ ಶತಮಾನದ ಕೊನೆಯ ಹೊತ್ತಿನ ಒಂದು ಶಾಸನವಿದೆ. ‘ಬೆಂಗಳೂರು ಕಾಳಗ’ದ ಮಾತು ಅದರಲ್ಲಿ ಬರುತ್ತದೆ. ಕೆಂಪೇಗೌಡರು ಪೇಟೆ ಕಟ್ಟುವುದಕ್ಕೆ ಆರು ಶತಮಾನಕ್ಕೂ ಮುಂಚೆ ಈ ಊರಿನ ಹೆಸರು ಕಲ್ಲಿನ ಮೇಲೆ ಬಂದಿತ್ತು!

ಶಾಲೆಯವರು ಒಪ್ಪುವ ತನಕ ಕಾಯಬೇಡಿ. ಬರುವ ಭಾನುವಾರ ಮಗಳನ್ನು ಬೇಗೂರಿಗೆ ಕರೆದುಕೊಂಡು ಹೋಗಿ. ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ಇರಲಿ. ಹಳಗನ್ನಡದ ಅಕ್ಷರ ಓದಲು ಬರದಿದ್ದರೂ ನಾಲ್ಕು ಅಕ್ಷರ ನೋಡಿ ಬರೆದುಕೊಳ್ಳಲಿ. ಮರುದಿನ ಅದನ್ನು ಶಾಲೆಗೆ ಒಯ್ದು ಸಮಾಜ ವಿಜ್ಞಾನದ ಶಿಕ್ಷಕರಿಗೆ ತೋರಿಸಲಿ.