ಸಲ್ಕಾಟಾ ಆಮೆಯ ಗೂಡಿಗೆ ರಾತ್ರಿ ಶಾಖ

ಟೆಕ್ಸಸ್‌ನ ಚಳಿಯಲ್ಲಿ ಶಾಖದ ಕೆಂಪು ಬಲ್ಬ್ ರಾತ್ರಿಯಿಡೀ ಉರಿದರೂ ನಿಮ್ಮ ಸಲ್ಕಾಟಾ (ಆಫ್ರಿಕಾ ಮೂಲದ ದೊಡ್ಡ ನೆಲದ ಆಮೆ) ಬೆಳಿಗ್ಗೆ ಮಂಕಾಗಿರುವುದಕ್ಕೆ ಕಾರಣ ಬಹುಶಃ ಆ ಬಲ್ಬೇ. ಅದು ಚಿಪ್ಪಿನ ಒಂದೇ ಜಾಗ ಕಾಯಿಸುತ್ತದೆ, ಗೂಡಿನ ಗಾಳಿ ತಣ್ಣಗೇ ಉಳಿಯುತ್ತದೆ. ಒಣಹುಲ್ಲಿನ ಮೇಲೆ ಬಿದ್ದರಂತೂ ಬೆಂಕಿ. ಇವತ್ತೇ ತೆಗೆಯಿರಿ.

ಮೊದಲು ಗೋಡೆ, ಚಾವಣಿಗೆ 2 ಇಂಚಿನ ಫೋಮ್ ಬೋರ್ಡ್ ಕೂರಿಸಿ ಮೇಲೆ ಪ್ಲೈವುಡ್ ಹೊಡೆಯಿರಿ. ಫೋಮ್ ಕಂಡರೆ ಆಮೆ ಕಚ್ಚಿ ತಿನ್ನುತ್ತದೆ. ಬಾಗಿಲಿಗೆ ದಪ್ಪ ಪ್ಲಾಸ್ಟಿಕ್ ಪಟ್ಟಿಯ ಪರದೆ. ಆಮೇಲೆ ಸಣ್ಣ ಆಯಿಲ್ ರೇಡಿಯೇಟರನ್ನು (ಎಣ್ಣೆ ತುಂಬಿದ ಕರೆಂಟ್ ಹೀಟರ್) ಆಮೆ ತಾಗದಂತೆ ಅಡ್ಡಗಟ್ಟಿ ಇಟ್ಟು, ಥರ್ಮೋಸ್ಟಾಟ್ (ಶಾಖ ನೋಡಿ ಕರೆಂಟು ಕೊಡುವ, ಕಡಿಯುವ ಸಾಧನ) ಮೂಲಕ 27 ಡಿಗ್ರಿ ಸೆಲ್ಸಿಯಸ್‌ಗೆ ಓಡಿಸಿ. ರೇಡಿಯೇಟರ್ ತಿರುಗಿಸುವ ಗುಂಡಿಯ ಮಾದರಿಯದೇ ಬೇಕು. ಡಿಜಿಟಲ್ ಆದರೆ ಥರ್ಮೋಸ್ಟಾಟ್ ಕರೆಂಟು ಕೊಟ್ಟರೂ ಅದು ತಾನಾಗಿ ಆನ್ ಆಗದಿರಬಹುದು. ಥರ್ಮೋಸ್ಟಾಟ್‌ನ ಸೆನ್ಸರ್ ಆಮೆಯ ಬೆನ್ನೆತ್ತರದಲ್ಲಿ, ರೇಡಿಯೇಟರಿನ ಎದುರು ಗೋಡೆಗಿರಲಿ.

ಮೂಗಿನಲ್ಲಿ ಗುಳ್ಳೆ ಬರುತ್ತಿದ್ದರೆ ಶ್ವಾಸಕೋಶದ ಸೋಂಕಿರಬಹುದು. ಸರೀಸೃಪ ನೋಡುವ ಪಶುವೈದ್ಯರಿಗೇ ತೋರಿಸಿ.