ಅಂಗಳದ ಅಂಚೆ: ಬಾರ್ಡರ್ ಲೀಗಿನ ಊರುಗಳು

ಹೋದ ತಿಂಗಳು ಒಂದು ಉತ್ತರದ ಕೊನೆಗೆ ಸುಮ್ನೆ ಒಂದು ಮಾತು ಸೇರಿಸಿದ್ದೆ. ಜಗತ್ತಿನ ಅತಿ ಹಳೆಯ ರಗ್ಬಿ ಯೂನಿಯನ್ ಲೀಗ್ ಇರುವುದು ದಕ್ಷಿಣ ಸ್ಕಾಟ್ಲೆಂಡಿನ ಸಣ್ಣ ಊರುಗಳಲ್ಲಿ, ಅಲ್ಲಿ ನಾನು ಒಂದು ವರ್ಷ ಇದ್ದೆ ಅಂತ. ಅದರ ಬಗ್ಗೆಯೇ ಜಾಸ್ತಿ ಪತ್ರಗಳು ಬಂದಿವೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆ ಲೀಗಿಗೆ, ಅಂದರೆ ಬಾರ್ಡರ್ ಲೀಗಿಗೆ.

ಪ್ರಶ್ನೆ: ಲೀಗ್ ಎಂದರೆ ದೊಡ್ಡ ನಗರ, ದೊಡ್ಡ ದುಡ್ಡು ಎಂದು ನಾವು ತಿಳಿದಿದ್ದೇವೆ. ಎಡಿನ್‌ಬರೋ, ಗ್ಲಾಸ್ಗೋ ಬಿಟ್ಟು ಆ ಸಣ್ಣ ಊರುಗಳಲ್ಲೇ ಮೊದಲ ಲೀಗ್ ಹುಟ್ಟಿದ್ದು ಹೇಗೆ? (ಕಾಲೇಜು ವಿದ್ಯಾರ್ಥಿ, ದಾವಣಗೆರೆ)

ಉತ್ತರ: ನಿಮ್ಮ ಊರಿನಿಂದಲೇ ಶುರು ಮಾಡುತ್ತೇನೆ. ನಾನೂ ದಾವಣಗೆರೆಯವನೇ. ಗಿರಣಿಯ ಸೈರನ್ ಕೇಳಿ ಊಟಕ್ಕೆ ಕೂರುತ್ತಿದ್ದ ಮನೆ ನಮ್ಮದು. 1983ರಲ್ಲಿ ಜವಳಿ ಓದಲು ಗಾಲಾಶೀಲ್ಸ್ ಎಂಬ ಊರಿಗೆ ಹೋದೆ. ಅದೂ ಗಿರಣಿ ಊರು. ನಮ್ಮಲ್ಲಿ ಹತ್ತಿ, ಅಲ್ಲಿ ಉಣ್ಣೆ. ಟ್ವೀಡ್ ಎಂಬ ದಪ್ಪ ಉಣ್ಣೆ ಬಟ್ಟೆಗೆ ಹೆಸರಾದ ಕಡೆ ಅದು. ಕಾಲೇಜು ಇದ್ದ ಜಾಗ ನೆದರ್‌ಡೇಲ್. ಆ ಊರಿನ ಗಾಲಾ ಕ್ಲಬ್ಬಿನ ರಗ್ಬಿ ಮೈದಾನವೂ ನೆದರ್‌ಡೇಲಿನಲ್ಲೇ. ಮಗ್ಗದ ಪಾಠ ಮುಗಿಸಿ ಹೊರಗೆ ಬಂದರೆ ಎದುರಿಗೆ ಗೋಲು ಕಂಬಗಳು.

ಆ ಪ್ರದೇಶಕ್ಕೆ ಬಾರ್ಡರ್ಸ್ ಎನ್ನುತ್ತಾರೆ. ಇಂಗ್ಲೆಂಡಿನ ಗಡಿಗೆ ತಾಗಿದ ಗುಡ್ಡಗಾಡು. ಕುರಿ, ನದಿ, ನದಿ ದಂಡೆಯಲ್ಲಿ ಗಿರಣಿ. ಗಾಲಾಶೀಲ್ಸ್‌ನಿಂದ ಮೆಲ್ರೋಸ್‌ಗೆ ಆರೇಳು ಕಿಲೋಮೀಟರ್, ಸೆಲ್‌ಕರ್ಕ್‌ಗೆ ಹತ್ತು, ಹಾಯ್ಕ್‌ಗೆ ಸುಮಾರು ಮೂವತ್ತು. ದಾವಣಗೆರೆಗೂ ಹರಿಹರಕ್ಕೂ ಇರುವಷ್ಟು ದೂರದಲ್ಲಿ ಒಂದೊಂದು ಊರು, ಪ್ರತಿ ಊರಿಗೂ ಒಂದು ರಗ್ಬಿ ಕ್ಲಬ್. ಗಿರಣಿಗೆ ಶನಿವಾರ ಅರ್ಧ ದಿನ. ಮಧ್ಯಾಹ್ನದ ಮೇಲೆ ಊರಿಗೆ ಊರೇ ಬಿಡುವು. ಆಗ ರೈಲು ಇತ್ತು. ಗಾಲಾಶೀಲ್ಸ್, ಮೆಲ್ರೋಸ್, ಹಾಯ್ಕ್ ಮೂರೂ ಒಂದೇ ಹಳಿಯ ಮೇಲಿದ್ದವು. ಊಟ ಮುಗಿಸಿ ಹೋಗಿ, ಆಡಿ, ರಾತ್ರಿಗೆ ಮನೆಗೆ ಬರಬಹುದಿತ್ತು. ಕೆಲಸಗಾರನಿಗೆ ಇದಕ್ಕಿಂತ ಅನುಕೂಲ ಏನು ಬೇಕು? (ಆ ರೈಲನ್ನು 1969ರಲ್ಲಿ ನಿಲ್ಲಿಸಿದರು. ನಾನಿದ್ದಾಗ ಬಸ್ಸೇ ಗತಿ. 2015ರಲ್ಲಿ ಎಡಿನ್‌ಬರೋದಿಂದ ಮೆಲ್ರೋಸ್ ಹತ್ತಿರದವರೆಗೆ ಮತ್ತೆ ಹಳಿ ಹಾಕಿದ್ದಾರೆ. ಹಾಯ್ಕ್‌ಗೆ ಇನ್ನೂ ರೈಲಿಲ್ಲ.)

ಇವೆಲ್ಲದಕ್ಕಿಂತ ದೊಡ್ಡದು ಜಿದ್ದು. ರಗ್ಬಿ ಬರುವ ಮೊದಲೇ ಆ ಊರುಗಳಲ್ಲಿ ಚೆಂಡಿನ ಗುದ್ದಾಟ ಇತ್ತು. ಜೆಡ್‌ಬರೋದಲ್ಲಿ ಈಗಲೂ ಪ್ರತಿ ವರ್ಷ ಮೇಲಿನ ಕೇರಿ, ಕೆಳಗಿನ ಕೇರಿ ಎಂದು ಊರು ಎರಡಾಗುತ್ತದೆ. ಒಂದು ಚರ್ಮದ ಚೆಂಡಿಗಾಗಿ ಬೀದಿ ಬೀದಿಯಲ್ಲಿ ನೂಕಾಡುತ್ತಾರೆ. ಅಂಗಡಿಯವರು ಕಿಟಕಿಗಳಿಗೆ ಹಲಗೆ ಹೊಡೆದುಕೊಳ್ಳುತ್ತಾರೆ. ಇಂಥ ಜನಕ್ಕೆ ರಗ್ಬಿ ಸಿಕ್ಕಿತು. 1871ರಲ್ಲಿ ಲ್ಯಾಂಗಮ್, 1873ರಲ್ಲಿ ಹಾಯ್ಕ್, 1875ರಲ್ಲಿ ಗಾಲಾ ಕ್ಲಬ್ಬುಗಳು ಶುರುವಾದವು. ಮೊದಲು ಗಾಲಾದವರೂ ಮೆಲ್ರೋಸಿನವರೂ ಒಟ್ಟಿಗೇ ಇದ್ದರು. 1877ರಲ್ಲಿ ಮನಸ್ತಾಪ ಬಂದು ಮೆಲ್ರೋಸಿನವರು ಬೇರೆಯಾದರು. ಹೋಗುವಾಗ ರಾತ್ರೋರಾತ್ರಿ ಗೋಲು ಕಂಬಗಳನ್ನೇ ಕಿತ್ತುಕೊಂಡು ಹೋದರು ಎಂಬುದು ಅಲ್ಲಿನ ಕತೆ. ನಾನು ಬಾಡಿಗೆಗಿದ್ದ ಮನೆಯ ಅಜ್ಜಿ ಇದನ್ನು ಹೇಳುವಾಗ ದನಿ ಏರುತ್ತಿತ್ತು. ನೂರು ವರ್ಷದ ಹಿಂದಿನ ಮಾತು ಅನ್ನಿಸುತ್ತಲೇ ಇರಲಿಲ್ಲ. ಹೋದ ವಾರ ಅವರ ಹಿತ್ತಲಿನಿಂದಲೇ ಕಂಬ ಹೋಗಿದೆ ಎನ್ನುವ ಹಾಗೆ ಹೇಳುತ್ತಿದ್ದರು.

ಹಾಯ್ಕ್ ಜೊತೆಗಿನ ಜಗಳ ಇನ್ನೂ ಗಟ್ಟಿ. ಹಾಯ್ಕಿನವರು ಗಾಲಾದವರನ್ನು 'ಪೇಲ್‌ಮರ್ಕ್ಸ್' ಎಂದು ಕರೆಯುತ್ತಾರೆ, ಬಕೆಟ್ಟಿನ ಗುರುತು ಬಿದ್ದವರು ಅಂತ. ನಿಮ್ಮೂರಿಗೆ ನೀರಿನ ಕಕ್ಕಸು ಬಂದದ್ದೇ ಕೊನೆಗೆ, ಅಲ್ಲಿಯವರೆಗೆ ಬಕೆಟ್ಟಿನ ಮೇಲೆ ಕೂತವರು ನೀವು ಎಂಬ ಹಂಗಿಸುವ ಮಾತು. ಮೈದಾನದಲ್ಲಿ ಇದನ್ನು ಮುದುಕಿಯರೂ ಕೂಗುತ್ತಾರೆ.

1901ರಲ್ಲಿ ಗಾಲಾ, ಹಾಯ್ಕ್, ಜೆಡ್-ಫಾರೆಸ್ಟ್ (ಜೆಡ್‌ಬರೋದ ಕ್ಲಬ್), ಲ್ಯಾಂಗಮ್, ಮೆಲ್ರೋಸ್ ಈ ಐದು ಕ್ಲಬ್ಬುಗಳು ಸೇರಿ ಬಾರ್ಡರ್ ಲೀಗ್ ಮಾಡಿಕೊಂಡವು. 1912ರಲ್ಲಿ ಕೆಲ್ಸೋ ಮತ್ತು ಸೆಲ್‌ಕರ್ಕ್ ಬಂದವು. ನಾನಿದ್ದಾಗ ಈ ಏಳೇ. ಪೀಬಲ್ಸ್ ಸೇರಿದ್ದು ಆಮೇಲೆ. ಸ್ಕಾಟ್ಲೆಂಡಿಗೆ ಅಧಿಕೃತ ರಾಷ್ಟ್ರೀಯ ಲೀಗ್ ಬಂದದ್ದು 1973ರಲ್ಲಿ. ಇಂಗ್ಲೆಂಡಿನಲ್ಲಿ 1987ರವರೆಗೆ ಕಾಯಬೇಕಾಯಿತು. ಅಲ್ಲಿಯತನಕ ದೊಡ್ಡ ನಗರದ ಕ್ಲಬ್ಬುಗಳು ತಮಗೆ ಬೇಕಾದವರ ಜೊತೆ ಬೇಕಾದಾಗ ಆಡುತ್ತಿದ್ದವು. ಪಟ್ಟಿ, ಅಂಕ, ಇಂಥವರ ಜೊತೆ ಆಡಲೇಬೇಕು ಎಂಬ ಕಟ್ಟು ಇರಲಿಲ್ಲ. ಈ ಗಿರಣಿ ಊರುಗಳು ಮಾತ್ರ ಎಪ್ಪತ್ತು ವರ್ಷ ಮೊದಲೇ ತಮ್ಮ ಲೆಕ್ಕ ತಾವೇ ಇಟ್ಟುಕೊಂಡಿದ್ದವು. ಕೊನೆಗೆ ರಾಷ್ಟ್ರೀಯ ಲೀಗ್ ಬಂದಾಗ ಏನಾಯಿತು ಗೊತ್ತಾ? ಮೊದಲ ಐದು ವರ್ಷವೂ ಹಾಯ್ಕ್ ಗೆದ್ದಿತು.

ಹಾಗಂತ ಹಾಯ್ಕ್ ಒಂದೇ ಅಲ್ಲ. ಲ್ಯಾಂಗಮ್ ಎಷ್ಟು ದೊಡ್ಡ ಊರು ಎಂದುಕೊಂಡಿರಿ? ಎರಡು ಸಾವಿರ ಜನ ಇದ್ದಾರಷ್ಟೆ. 1958-59ರಲ್ಲಿ ಅವರು ಇಡೀ ಋತು ಒಂದೂ ಪಂದ್ಯ ಸೋಲಲಿಲ್ಲ. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಪ್ರಶ್ನೆ: ರಗ್ಬಿ ಲೀಗ್, ರಗ್ಬಿ ಯೂನಿಯನ್ ಎರಡೂ ಒಂದೇ ಅಲ್ವಾ? ಯೂನಿಯನ್ನಿನಲ್ಲಿ ಲೀಗ್ ಎಂದರೆ ಗೊಂದಲವಾಗುತ್ತದೆ. (ಗದಗ)

ಉತ್ತರ: ಎರಡೂ ಬೇರೆ ಆಟ. 1895ರಲ್ಲಿ ಇಂಗ್ಲೆಂಡಿನ ಹಡರ್ಸ್‌ಫೀಲ್ಡಿನಲ್ಲಿ ಉತ್ತರದ ಕ್ಲಬ್ಬುಗಳು ಸಿಡಿದು ಹೊರಬಂದವು. ಜಗಳ ಇದ್ದದ್ದು ಪಂದ್ಯ ಆಡಲು ಹೋದವನು ಕಳೆದುಕೊಂಡ ಕೂಲಿಯ ಬಗ್ಗೆ. ಅದನ್ನು ತುಂಬಿಕೊಡಬೇಕು ಎಂದವರು ಬೇರೆಯಾದರು. ಅವರದೇ ಮುಂದೆ 13 ಜನರ ರಗ್ಬಿ ಲೀಗ್ ಆಯಿತು. ಒಂದು ಪೈಸೆಯೂ ಕೊಡಬಾರದು ಎಂದವರು 15 ಜನರ ಯೂನಿಯನ್ನಿನಲ್ಲಿ ಉಳಿದರು. ಬಾರ್ಡರ್ ಲೀಗ್ ಯೂನಿಯನ್ ಪಂಗಡದ್ದು. ಹೆಸರಿನ 'ಲೀಗ್' ಅಂದರೆ ಬರೀ ಪಂದ್ಯಾವಳಿ.

ಆಗೆಲ್ಲ ಯೂನಿಯನ್ನಿನಲ್ಲಿ ದುಡ್ಡಿಲ್ಲ ಅಂದರೆ ನಿಜವಾಗಿಯೂ ಇಲ್ಲ. ಆಟದ ಬಗ್ಗೆ ಪುಸ್ತಕ ಬರೆದು ದುಡ್ಡು ತೆಗೆದುಕೊಂಡರೂ ಆಟಗಾರ ಹೊರಗೆ. ಲೀಗ್ ಕಡೆ ಹೋಗಿ ಸಂಬಳ ಪಡೆದವನಿಗೆ ತನ್ನ ಹಳೆ ಕ್ಲಬ್ಬಿನ ಬಾಗಿಲು ಮುಚ್ಚಿದ ಹಾಗೆ. ಹಾಯ್ಕಿನ ಡೇವ್ ವ್ಯಾಲಂಟೈನ್ ಹಾಗೆ ಹೋದವರು. 1954ರಲ್ಲಿ ಮೊದಲ ರಗ್ಬಿ ಲೀಗ್ ವಿಶ್ವಕಪ್ ಗೆದ್ದ ಬ್ರಿಟನ್ ತಂಡಕ್ಕೆ ಅವರೇ ನಾಯಕ. ಅಂಥವರನ್ನು ದೂರ ಇಟ್ಟ ನಿಯಮ ಅನ್ಯಾಯದ್ದು. ಬಡವನ ಮನೆ ಹುಡುಗ ಕೂಲಿ ಕೇಳಿದ್ದರಲ್ಲಿ ತಪ್ಪೇನಿತ್ತು? 1995ರಲ್ಲಿ ಯೂನಿಯನ್ನಿನಲ್ಲೂ ಸಂಬಳಕ್ಕೆ ಒಪ್ಪಿದರು, ಸರಿಯಾದದ್ದೇ ಆಯಿತು.

ಆದರೆ ಸಂಬಳವಿಲ್ಲದ ಆ ದಿನಗಳಲ್ಲಿ ಒಂದು ಚೆಂದವಿತ್ತು. ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜೆಡ್-ಫಾರೆಸ್ಟಿನ ರಾಯ್ ಲೇಡ್ಲಾ ಎಲೆಕ್ಟ್ರಿಷಿಯನ್. ಗಾಲಾದ ಜಿಮ್ ಐಟ್ಕನ್ ಧಾನ್ಯದ ವ್ಯಾಪಾರಿ. ಶನಿವಾರ ಸಾವಿರಾರು ಜನರ ಮುಂದೆ ಆಡಿ, ಸೋಮವಾರ ಇವರು ಕೆಲಸಕ್ಕೆ ಹೊರಡುತ್ತಿದ್ದರು. ನಿಮ್ಮ ಮನೆಯ ಫ್ಯೂಸ್ ಸರಿ ಮಾಡಲು ದೇಶದ ತಂಡದ ಆಟಗಾರ ಬಂದರೆ ಹೇಗಿರುತ್ತದೆ, ನೋಡಿ.

ಪ್ರಶ್ನೆ: ಒಲಿಂಪಿಕ್ಸ್‌ನಲ್ಲಿ ಏಳು ಜನರ ರಗ್ಬಿ ನೋಡಿದೆ. ಅದೂ ಈ ಕಡೆಯಿಂದಲೇ ಬಂದದ್ದು ಎಂದು ಗೆಳೆಯ ಹೇಳುತ್ತಾನೆ. ನಿಜವೇ? (ಬೆಂಗಳೂರು)

ಉತ್ತರ: ನಿಜ. ಮೆಲ್ರೋಸ್ ಕ್ಲಬ್ಬಿನ ಕೈ ಖಾಲಿಯಾಗಿತ್ತು. ನೆಡ್ ಹೇಗ್ ಎಂಬ ಮಾಂಸದಂಗಡಿಯ ಕೆಲಸಗಾರ, ಕ್ಲಬ್ಬಿನ ಆಟಗಾರ, ಒಂದು ಉಪಾಯ ಹೇಳಿದ. ಆಟೋಟದ ಮೇಳ ಇಟ್ಟು ಟಿಕೆಟ್ ಮಾರೋಣ, ಜೊತೆಗೆ ರಗ್ಬಿಯೂ ಇರಲಿ ಎಂದ. ಆದರೆ 15 ಜನರ ಪಂದ್ಯಗಳು ಒಂದು ಮಧ್ಯಾಹ್ನದಲ್ಲಿ ಮುಗಿಯುವುದಿಲ್ಲ. ಅದಕ್ಕೆ ತಂಡಕ್ಕೆ ಏಳೇ ಜನ, ಪಂದ್ಯಕ್ಕೆ 15 ನಿಮಿಷ. 1883ರ ಏಪ್ರಿಲ್ 28ರಂದು ಗ್ರೀನ್‌ಯಾರ್ಡ್ಸ್ ಮೈದಾನದಲ್ಲಿ ಅದು ನಡೆಯಿತು. ಫೈನಲ್‌ಗೆ ಬಂದವರು ಯಾರು? ಮೆಲ್ರೋಸ್ ಮತ್ತು ಗಾಲಾ. ಸಮಯ ಮುಗಿದರೂ ಸಮ. ಹೆಚ್ಚುವರಿ ಆಟದಲ್ಲಿ ಮೆಲ್ರೋಸ್ ಒಂದು ಟ್ರೈ ಹೊಡೆದು (ಎದುರಾಳಿಯ ಗೆರೆಯಾಚೆ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು), ಗೆದ್ದೆವು ಎಂದು ಮೈದಾನ ಬಿಟ್ಟು ನಡೆಯಿತು. ಸಮಯ ಇನ್ನೂ ಉಳಿದಿದೆ ಎಂದು ಗಾಲಾದವರು ಕೂಗಿಕೊಂಡರು. ಕಪ್ ಮೆಲ್ರೋಸಿನಲ್ಲೇ ಉಳಿಯಿತು. ನನ್ನ ಬಾಡಿಗೆ ಮನೆಯ ಅಜ್ಜಿಯ ಪಟ್ಟಿಯಲ್ಲಿ ಗೋಲು ಕಂಬದ ನಂತರದ ದೂರು ಇದೇ.

2016ರಲ್ಲಿ ರಿಯೋದಲ್ಲಿ ಈ ಏಳು ಜನರ ಆಟ, ಅಂದರೆ ಸೆವೆನ್ಸ್, ಒಲಿಂಪಿಕ್ಸ್‌ಗೆ ಬಂದ ದಿನ ನಾನು ಟಿವಿ ಮುಂದೆ ಕೂತು ನೆಡ್ ಹೇಗ್‌ನನ್ನು ನೆನೆದೆ.

ಪ್ರಶ್ನೆ: ಇಂಗ್ಲೆಂಡ್–ಸ್ಕಾಟ್ಲೆಂಡ್ ರಗ್ಬಿ ಪಂದ್ಯದ ಟ್ರೋಫಿಗೆ ಕಲ್ಕತ್ತಾ ಕಪ್ ಎಂಬ ಹೆಸರು ಯಾಕೆ? (ಮೈಸೂರು)

ಉತ್ತರ: ಕಲ್ಕತ್ತಾದಲ್ಲಿದ್ದ ಬ್ರಿಟಿಷರ ರಗ್ಬಿ ಕ್ಲಬ್ 1878ರಲ್ಲಿ ಮುಚ್ಚಿತು. ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಕಪ್ ಮಾಡಿಸಿ ಇಂಗ್ಲೆಂಡಿಗೆ ಕೊಟ್ಟರು. ಹಿಡಿಕೆಗಳು ನಾಗರಹಾವು, ಮುಚ್ಚಳದ ಮೇಲೆ ಆನೆ. ನಾನಿದ್ದ ಚಳಿಗಾಲದಲ್ಲಿ ಅದನ್ನು ಗೆದ್ದದ್ದು ಸ್ಕಾಟ್ಲೆಂಡ್. ಆ ವರ್ಷದ ಐದು ದೇಶಗಳ ಪಂದ್ಯಾವಳಿಯಲ್ಲಿ ಅವರು ಉಳಿದ ನಾಲ್ವರನ್ನೂ ಸೋಲಿಸಿದರು, ಅದಕ್ಕೆ ಗ್ರ್ಯಾಂಡ್ ಸ್ಲಾಮ್ ಎನ್ನುತ್ತಾರೆ. 1925ರ ನಂತರ ಅದು ಮೊದಲ ಗ್ರ್ಯಾಂಡ್ ಸ್ಲಾಮ್. 1984ರ ಮಾರ್ಚ್ 17ರಂದು ಕೊನೆಯ ಪಂದ್ಯದಲ್ಲಿ ಫ್ರಾನ್ಸ್ ವಿರುದ್ಧ 21-12. ತಂಡದಲ್ಲಿ ಅರ್ಧಕ್ಕಿಂತ ಜಾಸ್ತಿ ಬಾರ್ಡರ್ ಲೀಗಿನವರು, ನಾಯಕ ನಮ್ಮ ಗಾಲಾದ ಐಟ್ಕನ್. ಗಾಲಾದ ಪೀಟರ್ ಡಾಡ್ಸ್‌ನ ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ಆ ಸ್ಥಿತಿಯಲ್ಲೇ ಒದ್ದು 17 ಅಂಕ ತಂದ. ಸೆಲ್‌ಕರ್ಕಿನ ರದರ್‌ಫರ್ಡ್ ಮತ್ತು ಜೆಡ್‌ನ ಲೇಡ್ಲಾ ಜೋಡಿಯನ್ನು ನೋಡಬೇಕಿತ್ತು ನೀವು. ಲೀಗಿನಲ್ಲಿ ಎದುರಾಳಿಗಳು, ದೇಶಕ್ಕೆ ಬಂದರೆ ಒಬ್ಬನ ಕೈ ಇನ್ನೊಬ್ಬನಿಗೆ ಗೊತ್ತು. ಹಾಸ್ಟೆಲಿನ ಟಿವಿ ಕೋಣೆಯಲ್ಲಿ ನಾನೊಬ್ಬನೇ ಭಾರತೀಯ. ಅಂದು ಗಂಟಲು ಕಟ್ಟಿದ್ದು ನನಗೂ.

ಪ್ರಶ್ನೆ: ನಮ್ಮ ಸುತ್ತಿನ ಆರು ಊರುಗಳ ವಾಲಿಬಾಲ್ ತಂಡಗಳು ಸೇರಿ ಲೀಗ್ ಮಾಡಬೇಕೆಂದಿದ್ದೇವೆ. ಈಗ ಇರುವುದು ಒಂದು ರಾತ್ರಿಯ ಟೂರ್ನಮೆಂಟ್, ಬಹುಮಾನಕ್ಕಾಗಿ ಹೊರಗಿನಿಂದ ಆಟಗಾರರನ್ನು ಕರೆಸುತ್ತಾರೆ. ನಿಮ್ಮ ಸಲಹೆ? (ತೀರ್ಥಹಳ್ಳಿ)

ಉತ್ತರ: ನಿಮ್ಮ ಪತ್ರ ಓದಿ ಬಹಳ ಖುಷಿಯಾಯಿತು. ಆರು ತಂಡ ಅಂದರೆ ಪ್ರತಿಯೊಬ್ಬರೂ ಪ್ರತಿಯೊಬ್ಬರ ಜೊತೆ ಒಮ್ಮೆ ಆಡಿದರೆ 15 ಪಂದ್ಯ, ಅವರೂರಲ್ಲಿ ಒಂದು ನಮ್ಮೂರಲ್ಲಿ ಒಂದು ಅಂದರೆ 30. ಎರಡನೆಯದನ್ನೇ ಮಾಡಿ. ಎದುರಾಳಿ ನಿಮ್ಮ ಊರಿಗೆ ಬರಬೇಕು, ನಿಮ್ಮವರ ಕೈಯ ಚಹಾ ಕುಡಿಯಬೇಕು. ನೆದರ್‌ಡೇಲಿನಲ್ಲಿ ಪಂದ್ಯ ಮುಗಿದ ಮೇಲೆ ಎರಡೂ ತಂಡ ಒಂದೇ ಕೋಣೆಯಲ್ಲಿ ಉಣ್ಣುತ್ತಿದ್ದವು. ಬಡಿಸುತ್ತಿದ್ದವರು ಊರಿನ ಹೆಂಗಸರು. ಗೇಟಿನಲ್ಲಿ ಹಣ ಇಸಿದುಕೊಳ್ಳುತ್ತಿದ್ದವರು ಹಳೆಯ ಆಟಗಾರರು. ಯಾರಿಗೂ ಸಂಬಳವಿಲ್ಲ. ಹಿಮ ಬಿದ್ದು ನೆಲ ಕಲ್ಲಾದರೆ ಪಂದ್ಯ ಮುಂದಕ್ಕೆ. ಅಂಥವನ್ನು ವಾರದ ನಡುವಿನ ಸಂಜೆ ಆಡಿ ಮುಗಿಸುತ್ತಿದ್ದರು. ನಿಮಗೆ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಂದ್ಯ ಇಡಲೇಬೇಡಿ.

ಹೊರಗಿನ ಆಟಗಾರರನ್ನು ಕಟ್ಟುನಿಟ್ಟಾಗಿ ದೂರ ಇಡಿ. ಆ ದುಡ್ಡನ್ನು ಹುಡುಗರ ಮೇಲೆ ಹಾಕಿ. ಹಾಯ್ಕ್‌ನ ಗುಟ್ಟು ಇದೇ. ದೊಡ್ಡ ತಂಡದ ಕೆಳಗೆ ಲಿಂಡನ್, ಹಾರ್ಲೆಕ್ವಿನ್ಸ್, ವೈಎಂ ಎಂಬ ಸಣ್ಣ ತಂಡಗಳಿವೆ. ಸಣ್ಣವರು ಅಲ್ಲಿ ಆಡಿ ಮೇಲೆ ಬರುತ್ತಾರೆ. ಬಿಬಿಸಿಯ ಹೆಸರಾಂತ ರಗ್ಬಿ ವೀಕ್ಷಕ ವಿವರಣೆಗಾರ ಬಿಲ್ ಮೆಕ್‌ಲಾರೆನ್ ಹಾಯ್ಕಿನವರೇ. ಕ್ಷಯ ಬಂದು ಅವರ ಆಟ ನಿಂತಿತು. ಆಮೇಲೆ ಅದೇ ಊರಿನ ಶಾಲೆಗಳಲ್ಲಿ ಪಿ.ಟಿ. ಮೇಷ್ಟ್ರಾಗಿ ಹುಡುಗರನ್ನು ತಯಾರು ಮಾಡಿದರು. ಜಿಮ್ ರೆನ್ವಿಕ್, ಕಾಲಿನ್ ಡೀನ್ಸ್ ಅವರ ಕೈಲಿ ಕಲಿತವರು. ಹದಿನಾಲ್ಕು ಸಾವಿರ ಜನರ ಊರಿನಿಂದ 50ಕ್ಕೂ ಹೆಚ್ಚು ಮಂದಿ ಸ್ಕಾಟ್ಲೆಂಡಿಗೆ ಆಡಿದ್ದಾರೆ.

ವೃತ್ತಿಪರ ಆಟ ಬಂದ ಮೇಲೆ ಬಾರ್ಡರ್ಸ್‌ಗೂ ಒಂದು ಸಂಬಳದ ತಂಡ ಮಾಡಿದರು. ನೆದರ್‌ಡೇಲಿನಲ್ಲೇ ಆಡುತ್ತಿತ್ತು. ಒಮ್ಮೆ 1998ರಲ್ಲಿ ನಿಂತಿತು, ಮತ್ತೆ ಕಟ್ಟಿದರು, 2007ರಲ್ಲಿ ಪೂರ್ತಿ ಮುಚ್ಚಿತು. ಒಳ್ಳೆ ಆಟಗಾರರು ಈಗ ಬೇಗ ಎಡಿನ್‌ಬರೋ, ಗ್ಲಾಸ್ಗೋಗೆ ಹೋಗುತ್ತಾರೆ. ಬಾರ್ಡರ್ ಲೀಗಿನ ಹಳೆಯ ತೂಕ ಇಳಿದಿದೆ, ಅದು ನನಗೆ ನೋವಿನ ಸಂಗತಿ. ಆದರೂ ಲೀಗ್ ಇದೆ. ಗಾಲಾ ಇದೆ, ಮೆಲ್ರೋಸ್ ಇದೆ.

ಒಂದು ಮರೆತಿದ್ದೆ. ಅಂಕಪಟ್ಟಿಯನ್ನು ಪ್ರತಿ ವಾರ ಆರೂ ಊರಿನ ಬಸ್ ನಿಲ್ದಾಣದಲ್ಲಿ ಅಂಟಿಸಿ. ಕೊನೆಯ ಸ್ಥಾನದವರ ಹೆಸರು ಕೂಡ ಅಷ್ಟೇ ದೊಡ್ಡ ಅಕ್ಷರದಲ್ಲಿರಲಿ. ಮೊದಲ ಪಂದ್ಯದ ದಿನ ತಿಳಿಸಿ, ನಾನು ಬರುತ್ತೇನೆ.