ಲ್ಯಾಬಿನಲ್ಲಿ ಒಂದು ಮುಖ, ಸಭೆಯಲ್ಲಿ ಒಂದು ಮುಖ: ನಾನು ಕಪಟಿಯಾ?

ಪ್ರಶ್ನೆ: ನನಗೆ 26 ವರ್ಷ. ತಳಿವಿಜ್ಞಾನದಲ್ಲಿ ಪಿಎಚ್‌.ಡಿ ಮಾಡುತ್ತಿದ್ದೇನೆ. ಹುಟ್ಟಿ ಬೆಳೆದದ್ದು ಕ್ರೈಸ್ತ ವಿಶ್ವಾಸಿಗಳ ಮನೆಯಲ್ಲಿ. ಅಪ್ಪ ನಮ್ಮ ಸಭೆಯ (ಚರ್ಚಿನ) ಹಿರಿಯರಲ್ಲಿ ಒಬ್ಬರು, ನಾನು ಸಂಡೇ ಸ್ಕೂಲಿನಲ್ಲಿ ಪಾಠ ಮಾಡುತ್ತೇನೆ. ಲೋಕ ಆರು ದಿನದಲ್ಲಿ ಆಯಿತು, ಅದಕ್ಕೆ ಆರು ಸಾವಿರ ವರ್ಷ ಅಷ್ಟೇ ಅಂತಲೇ ನಮಗೆ ಕಲಿಸಿದ್ದು. ಅದು ಸರಿಯಲ್ಲ ಅಂತ ಎಂ.ಎಸ್‌ಸಿ ಓದುವಾಗಲೇ ಗೊತ್ತಾಯಿತು. ಲ್ಯಾಬಿನ ಗೆಳೆಯನೊಬ್ಬ ನಾಸ್ತಿಕ. ‘ಎರಡು ದೋಣಿ ಮೇಲೆ ಕಾಲಿಡಬೇಡ, ಒಂದನ್ನು ಆರಿಸಿಕೋ’ ಎನ್ನುತ್ತಾನೆ. ಪಾಸ್ಟರ್ ಹತ್ತಿರ ಸ್ವಲ್ಪ ಬಾಯಿಬಿಟ್ಟೆ, ‘ಇದು ಸೈತಾನನ ಶೋಧನೆ, ಓದು ಜಾಸ್ತಿ ಆಯಿತು’ ಎಂದರು. ಎರಡು ವರ್ಷದ ಹಿಂದೆ ಅಕ್ಕ ಕ್ಯಾನ್ಸರಿನಿಂದ ತೀರಿಕೊಂಡಳು, ಇಡೀ ಸಭೆ ಉಪವಾಸ ಇದ್ದು ಪ್ರಾರ್ಥನೆ ಮಾಡಿತ್ತು. ಈಗ ಪ್ರಾರ್ಥನೆಗೆ ಕೂತರೆ ಬಾಯಿ ಮಾತ್ರ ಆಡುತ್ತದೆ. ಹೋದ ತಿಂಗಳು ಒಬ್ಬ ಹುಡುಗ ಜಲಪ್ರಳಯದ ಕಥೆ ಹಿಡಿದು ‘ಅಕ್ಕಾ, ನೋಹನ ನಾವೆಯಲ್ಲಿ ಡೈನೋಸಾರ್ ಇತ್ತಾ?’ ಎಂದು ಕೇಳಿದ. ‘ಮರಿ ಡೈನೋಸಾರ್ ಇತ್ತು’ ಎಂದುಬಿಟ್ಟೆ. ಆಮೇಲೆ ನನ್ನ ಮೇಲೆ ನನಗೇ ಅಸಹ್ಯವಾಯಿತು. ಈಸ್ಟರ್ ದಿನ ಎಲ್ಲರ ಮುಂದೆ ನನ್ನ ವಿಶ್ವಾಸದ ಸಾಕ್ಷಿ ಹೇಳು ಎಂದು ಬೇರೆ ಹೇಳಿದ್ದಾರೆ. ನಾನು ಕಪಟಿಯಾ? ಅಪ್ಪನಿಗೆ ಹೇಳಬೇಕಾ? ಸಂಡೇ ಸ್ಕೂಲ್ ಬಿಟ್ಟುಬಿಡಲಾ?

ಉತ್ತರ: ನಿಮ್ಮ ಪತ್ರದಲ್ಲಿ ಲ್ಯಾಬಿಗೆ, ಸಭೆಗೆ, ಡೈನೋಸಾರಿಗೆ ಬೇಕಾದಷ್ಟು ಜಾಗ ಇದೆ. ಅಕ್ಕನಿಗೆ ಒಂದೇ ಸಾಲು. ಅದೂ ಪಾಸ್ಟರಿಗೂ ಡೈನೋಸಾರಿಗೂ ನಡುವೆ ಸಿಕ್ಕಿಕೊಂಡಿದೆ. ನಾನು ಮತ್ತೆ ಮತ್ತೆ ಓದಿದ್ದು ಆ ಸಾಲನ್ನೇ.

ಅಲ್ಲಿಗೆ ಬರುತ್ತೇನೆ. ಅದಕ್ಕೆ ಮೊದಲು ಸುಲಭದ್ದನ್ನು ಮುಗಿಸಿಬಿಡೋಣ. ಹೌದು, ಇಲ್ಲಿ ಸೈನ್ಸಿನ ಪ್ರಶ್ನೆಯೇ ಸುಲಭದ್ದು.

ನಾನೂ ವಿಶ್ವಾಸಿಯೇ. ಆದರೂ ನೇರವಾಗಿ ಹೇಳುತ್ತೇನೆ, ಲ್ಯಾಬಿನಲ್ಲಿ ನೀವು ನೋಡುತ್ತಿರುವುದು ನಿಜ. ಅದರ ಜೊತೆ ಜಗಳಕ್ಕೆ ಹೋಗಬೇಡಿ. ನಿಮಗೆ ತಳಿವಿಜ್ಞಾನ ಹೇಳಿಕೊಡುವಷ್ಟು ದೊಡ್ಡವರು ನಾವಲ್ಲ, ಇದನ್ನು ಓದುವ ಉಳಿದವರಿಗಾಗಿ ಒಂದು ಉದಾಹರಣೆ ಕೊಡುತ್ತೇನೆ ಅಷ್ಟೇ. ಮನುಷ್ಯನ ಜೀವಕೋಶದಲ್ಲಿ 46 ಕ್ರೋಮೋಸೋಮ್ (ಡಿಎನ್‌ಎ ಸುತ್ತಿಟ್ಟ ಎಳೆಗಳು), ಚಿಂಪಾಂಜಿ, ಗೊರಿಲ್ಲಾಗಳಲ್ಲಿ 48. ಹಾಗಾದರೆ ನಮ್ಮಲ್ಲಿ ಒಂದು ಜೋಡಿ ಎಲ್ಲಿ ಹೋಯಿತು? ನಮ್ಮ ಎರಡನೇ ಕ್ರೋಮೋಸೋಮನ್ನು ಓದುತ್ತಾ ಹೋದರೆ, ತುದಿಯಲ್ಲಿ ಮಾತ್ರ ಇರಬೇಕಾದ ಟೆಲೊಮಿಯರ್ ಸಾಲುಗಳು ಒಳಗಡೆ ಎದುರುಬದುರಾಗಿ ಕೂತಿರುವುದು ಕಾಣುತ್ತದೆ. ಕೆಲಸ ನಿಲ್ಲಿಸಿದ ಇನ್ನೊಂದು ಸೆಂಟ್ರೊಮಿಯರಿನ (ಒಂದು ಕ್ರೋಮೋಸೋಮಿಗೆ ಒಂದೇ ಇರುವ ಗಂಟು) ಗುರುತೂ ಅದರಲ್ಲೇ ಇದೆ. ಬಹಳ ಹಿಂದೆ ಎರಡು ಕ್ರೋಮೋಸೋಮ್ ಕೂಡಿಕೊಂಡು ಒಂದಾದ ಜಾಗ ಅದು. ನಮ್ಮ ಮೈ ಸ್ವಂತವಾಗಿ ವಿಟಮಿನ್ ಸಿ ಮಾಡಿಕೊಳ್ಳುವುದಿಲ್ಲ, ಅದಕ್ಕೆ ಬೇಕಾದ ಜೀನ್ ಕೆಟ್ಟು ಬಿದ್ದಿದೆ. ಚಿಂಪಾಂಜಿಯಲ್ಲೂ ಅದೇ ಜೀನ್ ಕೆಟ್ಟಿದೆ. ನಾವೂ ಅವೂ ಒಂದೇ ಮೂಲದಿಂದ ಬಂದ ಗುರುತು ಇವೆಲ್ಲ. ದೇವರು ನಮ್ಮ ನಂಬಿಕೆ ಪರೀಕ್ಷೆ ಮಾಡೋಕೆ ಹೀಗೆಲ್ಲ ಇಟ್ಟಿದ್ದಾನೆ ಎನ್ನುವವರೂ ಇದ್ದಾರೆ. ಸುಳ್ಳು ಪುರಾವೆ ಬಚ್ಚಿಟ್ಟು ತಮಾಷೆ ನೋಡುವ ದೇವರನ್ನು ನಾನಂತೂ ನಂಬಲಾರೆ.

ಇನ್ನು ಆ ಆರು ಸಾವಿರ ವರ್ಷ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಎಲ್ಲೂ ಆ ಲೆಕ್ಕ ಬರೆದಿಲ್ಲ. ಆರ್ಚ್‌ಬಿಷಪ್ ಜೇಮ್ಸ್ ಅಷರ್ ಎಂಬುವರು 1650ರಲ್ಲಿ ವಂಶಾವಳಿಗಳನ್ನೆಲ್ಲ ಕೂಡಿ, ಕಳೆದು, ಸೃಷ್ಟಿ ಕ್ರಿಸ್ತಪೂರ್ವ 4004ರಲ್ಲಿ ಆಯಿತು ಎಂದರು. ಅವರ ಕಾಲಕ್ಕೆ ಅದು ಶ್ರದ್ಧೆಯ ಕೆಲಸವೇ, ಇಲ್ಲ ಅನ್ನುವುದಿಲ್ಲ. ಆದರೆ ಒಬ್ಬ ಬಿಷಪ್ ಹಾಕಿದ ಲೆಕ್ಕ ತಪ್ಪಾದರೆ ಯೇಸು ಯಾಕೆ ಸುಳ್ಳಾಗಬೇಕು? ಅದಕ್ಕೂ ಸಾವಿರದ ಇನ್ನೂರು ವರ್ಷ ಮುಂಚೆ ಕ್ರೈಸ್ತ ಚಿಂತಕ ಸಂತ ಅಗಸ್ಟೀನರೇ ಸೃಷ್ಟಿಯ ಕಥೆ ಇರುವ ಆದಿಕಾಂಡ ಓದಿ ತಲೆ ಕೆರೆದುಕೊಂಡಿದ್ದರು. ಸೂರ್ಯ ಬಂದದ್ದು ನಾಲ್ಕನೇ ದಿನ, ಹಾಗಾದರೆ ಮೊದಲ ಮೂರು ದಿನಗಳು ಎಂಥ ದಿನಗಳು ಅಂತ. ವಿಶ್ವಾಸಿಗಳು ಆಕಾಶ, ನಕ್ಷತ್ರಗಳ ಬಗ್ಗೆ ಗೊತ್ತಿಲ್ಲದೆ ಏನೇನೋ ಮಾತಾಡಿದರೆ, ಗೊತ್ತಿರುವ ಅವಿಶ್ವಾಸಿಗಳು ನಗುತ್ತಾರೆ, ಆಮೇಲೆ ಪುನರುತ್ಥಾನದ ಬಗ್ಗೆ ನಾವು ಹೇಳುವುದನ್ನು ಯಾಕೆ ಕೇಳುತ್ತಾರೆ ಎಂದು ಗದರಿದ್ದೂ ಅವರೇ. ಆಗ ಡಾರ್ವಿನ್ ಇರಲಿಲ್ಲ, ಟೆಲಿಸ್ಕೋಪ್ ಕೂಡ ಇರಲಿಲ್ಲ. ಆದ್ದರಿಂದ ಭೂಮಿಗೆ ಸುಮಾರು 454 ಕೋಟಿ ವರ್ಷ ಅಂತ ಒಪ್ಪಿದ ಕೂಡಲೇ ಸಭೆಯ ಬಾಗಿಲು ಮುಚ್ಚಿತು ಅಂದುಕೊಳ್ಳಬೇಡಿ.

ನಿಮ್ಮ ಗೆಳೆಯನ ವಿಷಯ. ಒಂದು ಗಮನಿಸಿದಿರಾ? ಅವನು ಮತ್ತು ನಿಮ್ಮ ಪಾಸ್ಟರ್ ಹೇಳುತ್ತಿರುವುದು ಒಂದೇ ಮಾತು. ಇಬ್ಬರೂ ‘ಒಂದನ್ನು ಬಿಡು’ ಎನ್ನುತ್ತಿದ್ದಾರೆ. ಯಾವುದನ್ನು ಅನ್ನುವುದರಲ್ಲಷ್ಟೇ ವ್ಯತ್ಯಾಸ. ಇಬ್ಬರಿಗೂ ನಾನು ಹೇಳಬೇಕು ಅನ್ನಿಸುವುದು ಜಾರ್ಜ್ ಲೆಮೈತ್ರ ಕಥೆ. ಬೆಲ್ಜಿಯಂನ ಕ್ಯಾಥೊಲಿಕ್ ಪಾದ್ರಿ, ಭೌತವಿಜ್ಞಾನಿಯೂ ಹೌದು. ವಿಶ್ವ ಹಿಗ್ಗುತ್ತಿದೆ ಎಂದು 1927ರಲ್ಲೇ ಲೆಕ್ಕ ಹಾಕಿ ತೋರಿಸಿದವರು. ಎಲ್ಲವೂ ಒಂದು ಪುಟ್ಟ ಆದಿ ಪರಮಾಣುವಿನಿಂದ ಹೊರಟಿರಬೇಕು ಎಂದು 1931ರಲ್ಲಿ ಬರೆದರು. ಅದೇ ಮುಂದೆ ಬಿಗ್ ಬ್ಯಾಂಗ್ ಆಯಿತು. 1951ರಲ್ಲಿ ಪೋಪ್ ಹನ್ನೆರಡನೇ ಪಿಯುಸ್ ಭಾಷಣದಲ್ಲಿ, ನೋಡಿ, ವಿಜ್ಞಾನವೇ ಸೃಷ್ಟಿಗೆ ಸಾಕ್ಷಿ ಹೇಳುತ್ತಿದೆ ಎಂಬ ಅರ್ಥದಲ್ಲಿ ಮಾತಾಡಿದರು. ಬೇರೆ ಯಾವ ಪಾದ್ರಿಯಾದರೂ ಹಿಗ್ಗಿಬಿಡುತ್ತಿದ್ದರು ಅಲ್ವಾ? ಲೆಮೈತ್ರಗೆ ಕಸಿವಿಸಿಯಾಯಿತು. ನನ್ನ ಸಿದ್ಧಾಂತ ಧರ್ಮದ ಪ್ರಶ್ನೆಗೆ ಪೂರ್ತಿ ಹೊರಗಿನದು, ದೇವರಿಲ್ಲ ಎನ್ನುವವನೂ ಇದನ್ನು ಆರಾಮಾಗಿ ಒಪ್ಪಬಹುದು ಎನ್ನುವುದು ಅವರ ನಿಲುವಾಗಿತ್ತು. ಮುಂದಿನ ವರ್ಷ ಖಗೋಳ ವಿಜ್ಞಾನಿಗಳ ಮುಂದೆ ಮಾತಾಡಿದಾಗ ಪೋಪ್ ಆ ವಾದವನ್ನು ಎತ್ತಲಿಲ್ಲ. ನನಗೆ ಈ ಮನುಷ್ಯನ ಮೇಲೆ ವಿಪರೀತ ಗೌರವ. ತನ್ನ ದೇವರಿಗೆ ಪುಕ್ಕಟೆ ಪುರಾವೆ ಸಿಗುತ್ತಿದ್ದಾಗಲೂ ಬೇಡ ಎಂದರಲ್ಲ. ಸಮೀಕರಣದಿಂದ ದೇವರಿದ್ದಾನೆ ಎಂದು ತೋರಿಸಲು ಆಗದಿದ್ದರೆ, ಅದೇ ಸಮೀಕರಣದಿಂದ ದೇವರನ್ನು ಓಡಿಸಲೂ ಆಗಲ್ಲ. ನಿಮ್ಮ ಗೆಳೆಯನಿಗೆ ಇಷ್ಟು ಹೇಳಿ ಸಾಕು.

ತಳಿವಿಜ್ಞಾನದ ಪಿತಾಮಹ ಮೆಂಡಲ್ ಸನ್ಯಾಸಿಯಾಗಿದ್ದರು, ಮಾನವ ಜೀನೋಮ್ ಯೋಜನೆ ನಡೆಸಿದ ಫ್ರಾನ್ಸಿಸ್ ಕಾಲಿನ್ಸ್ ನಾಸ್ತಿಕರಾಗಿದ್ದು ಆಮೇಲೆ ಕ್ರೈಸ್ತರಾದರು ಅಂತೆಲ್ಲ ಪಟ್ಟಿ ಹಿಡಿದುಕೊಂಡು ವಾದಕ್ಕೆ ಹೋಗಬೇಡಿ. ಅವನು ಅದಕ್ಕಿಂತ ಉದ್ದದ ಪಟ್ಟಿ ತರುತ್ತಾನೆ. ಹೆಸರುಗಳಿಂದ ಏನೂ ಸಾಬೀತಾಗಲ್ಲ. ಮತ್ತೆ, ಅವನನ್ನು ಕೆಟ್ಟವನು ಅಂದುಕೊಳ್ಳಲೂ ಬೇಡಿ. ಯೋಚನೆ ಮಾಡಿ ನಾಸ್ತಿಕರಾದ ಎಷ್ಟೋ ಜನ ಸತ್ಯದ ವಿಷಯದಲ್ಲಿ ನಮಗಿಂತ ಗಟ್ಟಿ ಇರುತ್ತಾರೆ.

ಈಗ ಅಕ್ಕ.

ಒಂದು ಪ್ರಶ್ನೆ ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಅಕ್ಕ ಗುಣವಾಗಿದ್ದಿದ್ದರೆ ಎರಡನೇ ಕ್ರೋಮೋಸೋಮ್ ನಿಮ್ಮ ನಿದ್ದೆ ಕೆಡಿಸುತ್ತಿತ್ತಾ? ಎಂ.ಎಸ್‌ಸಿ ಓದುವಾಗಲೇ ಇದೆಲ್ಲ ಗೊತ್ತಾಯಿತು ಅಂತ ನೀವೇ ಬರೆದಿದ್ದೀರಿ. ಆಗಲೂ ಪ್ರಾರ್ಥನೆ ನಡೆಯುತ್ತಿತ್ತು. ಅಕ್ಕನಿಗಾಗಿ ಉಪವಾಸ ಇದ್ದವರಲ್ಲಿ ನೀವೂ ಇದ್ದಿರಿ ಅಂತಲೇ ನನ್ನ ಊಹೆ. ಬಾಯಿ ಮಾತ್ರ ಆಡಲು ಶುರುವಾದದ್ದು ಯಾವಾಗಿನಿಂದ?

ಡಾರ್ವಿನ್ನರ ನಂಬಿಕೆಯನ್ನು ವಿಕಾಸವಾದವೇ ತಿಂದುಹಾಕಿತು ಎಂದು ಸಲೀಸಾಗಿ ಹೇಳುತ್ತಾರೆ. ಅಷ್ಟು ಸರಳ ಅಲ್ಲ ಅದು. ಸಿದ್ಧಾಂತದ ಕರಡು 1844ರಲ್ಲೇ ಅವರ ಹತ್ತಿರ ಇತ್ತು. 1851ರಲ್ಲಿ ಹತ್ತು ವರ್ಷದ ಮಗಳು ಆ್ಯನಿ ತೀರಿಕೊಂಡಳು. ಕೊನೆಯ ದಿನಗಳಲ್ಲಿ ಅಪ್ಪ ಅವಳ ಹಾಸಿಗೆ ಪಕ್ಕದಲ್ಲೇ ಇದ್ದರು. ಅಳಿದುಳಿದಿದ್ದ ಕ್ರೈಸ್ತ ವಿಶ್ವಾಸವನ್ನು ಆ ಸಾವೇ ಕಿತ್ತುಕೊಂಡಿತು ಎನ್ನುವ ಜೀವನಚರಿತ್ರೆಕಾರರಿದ್ದಾರೆ. 1860ರಲ್ಲಿ ತಮ್ಮ ಗೆಳೆಯ, ದೈವಭಕ್ತ ಸಸ್ಯವಿಜ್ಞಾನಿ ಏಸಾ ಗ್ರೇಗೆ ಬರೆದ ಪತ್ರದಲ್ಲಿ ಅವರ ತಕರಾರು ಪಳೆಯುಳಿಕೆ ಬಗ್ಗೆ ಅಲ್ಲ. ಬದುಕಿರುವ ಕಂಬಳಿಹುಳದ ಒಳಗೇ ಇದ್ದು ಅದನ್ನು ತಿನ್ನುವ ಕಣಜದ ಮರಿಗಳನ್ನು ದಯಾಮಯ ದೇವರು ಬೇಕೆಂದೇ ಮಾಡಿದ ಅಂತ ಒಪ್ಪಲು ನನ್ನಿಂದಾಗುತ್ತಿಲ್ಲ ಎಂದು ಬರೆದರು. ನೋವಿನ ಬಗ್ಗೆಯೇ ಅವರ ಪ್ರಶ್ನೆ. ಮುದಿತನದಲ್ಲೂ ‘ನಾಸ್ತಿಕ’ ಎಂದು ಹೇಳಿಕೊಳ್ಳದೆ, ಅಜ್ಞೇಯವಾದಿ (ದೇವರಿದ್ದಾನೋ ಇಲ್ಲವೋ ತಿಳಿಯಲಾಗದು ಎನ್ನುವವನು) ಎಂದರೆ ಹೆಚ್ಚು ಸರಿ ಎಂದರು.

ನಿಮ್ಮದೂ ಅದೇ ಪ್ರಶ್ನೆ ಅಂತ ನನಗನ್ನಿಸುತ್ತದೆ. ಸೈನ್ಸಿನ ಹೆಸರಲ್ಲಿ ಕೇಳಿದರೆ ಅದು ಸ್ವಲ್ಪ ಗೌರವದ ಪ್ರಶ್ನೆ, ಯಾರೂ ಅಳು ನೋಡುವುದಿಲ್ಲ. ‘ಇಷ್ಟು ಜನ ಬೇಡಿಕೊಂಡರೂ ನನ್ನ ಅಕ್ಕನನ್ನು ಯಾಕೆ ಉಳಿಸಲಿಲ್ಲ?’ ಅಂತ ಸಭೆಯಲ್ಲಿ ಕೇಳಿದರೆ ಮಾತ್ರ ಹತ್ತು ಜನ ‘ದೇವರ ಚಿತ್ತ’ ಎಂದು ಬೆನ್ನು ತಟ್ಟಿ ಹೋಗುತ್ತಾರೆ.

ಯಾಕೆ ಅನ್ನುವುದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಇದೆ ಎನ್ನುವವರನ್ನು ಸ್ವಲ್ಪ ದೂರ ಇಡಿ. ಸತ್ಯವೇದದಲ್ಲಿ ಎಲ್ಲ ಕಳೆದುಕೊಂಡು ನರಳುವ ಯೋಬನ ಗೆಳೆಯರ ಹತ್ತಿರ ಎಲ್ಲದಕ್ಕೂ ಉತ್ತರ ಇತ್ತು, ಕೊನೆಗೆ ದೇವರು ಸಿಟ್ಟಾದದ್ದು ಅವರ ಮೇಲೆ. ಎದುರು ನಿಂತು ಜಗಳ ಆಡಿದ ಯೋಬನೇ ಸರಿಯಾಗಿ ಮಾತಾಡಿದ ಎಂದ. 88ನೇ ಕೀರ್ತನೆ ತೆಗೆದು ಓದಿ. ಬೇರೆ ಶೋಕಗೀತೆಗಳ ಹಾಗೆ ಕೊನೆಯಲ್ಲಿ ಸಮಾಧಾನಕ್ಕೆ ತಿರುಗುವುದೇ ಇಲ್ಲ ಅದು. ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಯಾರೂ ಸತ್ಯವೇದದಿಂದ ಕಿತ್ತುಹಾಕಲಿಲ್ಲ. ಮದರ್ ತೆರೇಸಾ ತೀರಿಕೊಂಡು ಹತ್ತು ವರ್ಷದ ಮೇಲೆ, 2007ರಲ್ಲಿ, ಅವರ ಖಾಸಗಿ ಪತ್ರಗಳು ಪ್ರಕಟವಾದಾಗ ಜನ ಬೆಚ್ಚಿಬಿದ್ದರು. ದಶಕಗಟ್ಟಲೆ ದೇವರ ಇರವೇ ಅನುಭವಕ್ಕೆ ಬರದೆ ಒದ್ದಾಡಿದ ಪತ್ರಗಳು. ಅದು ಗೊತ್ತಿದ್ದೂ 2016ರಲ್ಲಿ ಅವರನ್ನು ಸಂತರೆಂದು ಸಾರಿದರು. ಹಾಗಾಗಿ ಬಾಯಿ ಆಡುವುದೂ ನಿಂತರೆ ನಿಲ್ಲಲಿ. ಬೇಡುವುದಕ್ಕೆ ಆಗದಿದ್ದರೆ ಬೈಯಿರಿ. ಅದೂ ಆಗದಿದ್ದರೆ ಸುಮ್ನೆ ಕೂತಿರಿ. ಊಟ, ನಿದ್ದೆ, ಓದು ಕೆಡುವಷ್ಟು ದುಃಖ ಇದ್ದರೆ ಒಬ್ಬ ಆಪ್ತಸಮಾಲೋಚಕರನ್ನು ನೋಡಿ. ಅದನ್ನು ವಿಶ್ವಾಸದ ಕೊರತೆ ಅಂತ ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ.

ಕಪಟಿಯಾ ಎಂದು ಕೇಳಿದ್ದೀರಿ. ಸಂಶಯ ಇಟ್ಟುಕೊಂಡು ಸಭೆಗೆ ಹೋಗುವುದು ಕಪಟವಲ್ಲ. ಮಾರ್ಕನ ಸುವಾರ್ತೆಯ ಒಂಬತ್ತನೇ ಅಧ್ಯಾಯದಲ್ಲಿ ಕಾಯಿಲೆಯ ಮಗನನ್ನು ಕರೆತಂದ ಒಬ್ಬ ತಂದೆ, ನಂಬುತ್ತೇನೆ, ನನ್ನ ಅಪನಂಬಿಕೆಗೂ ನೀನೇ ಸಹಾಯ ಮಾಡು ಎಂದು ಕೂಗಿಕೊಳ್ಳುತ್ತಾನೆ. ಯೇಸು ಅವನನ್ನು ವಾಪಸ್ ಕಳಿಸಲಿಲ್ಲ. ಆ ಕಥೆಯಲ್ಲಿ ಮಗ ಗುಣವಾದ, ನಿಮ್ಮ ಅಕ್ಕ ಆಗಲಿಲ್ಲ, ಆದ್ದರಿಂದ ಅದು ನಿಮಗೆ ಕಹಿಯಾಗಬಹುದು, ನನಗೆ ಗೊತ್ತು. ಹಾಗಾದರೆ ಮತ್ತಾಯನ ಕೊನೆಯ ಅಧ್ಯಾಯ ನೋಡಿ. ಸತ್ತು ಎದ್ದು ಬಂದ ಯೇಸು ಕಣ್ಣೆದುರೇ ನಿಂತಿದ್ದಾನೆ, ಶಿಷ್ಯರು ಅಡ್ಡಬೀಳುತ್ತಾರೆ, ಆದರೂ ಕೆಲವರು ಸಂಶಯಪಟ್ಟರು ಎಂದು ಬರೆದಿದೆ. ಹೋಗಿ ಎಲ್ಲ ದೇಶಗಳ ಜನರನ್ನು ಶಿಷ್ಯರನ್ನಾಗಿ ಮಾಡಿರಿ ಎಂಬ ಮಾತನ್ನು ಅವನು ಎಲ್ಲರಿಗೂ ಹೇಳಿದ, ಸಂಶಯದವರನ್ನು ಪಕ್ಕಕ್ಕೆ ನಿಲ್ಲಿಸಲಿಲ್ಲ.

ಆದರೆ ಮರಿ ಡೈನೋಸಾರ್ ಮಾತು ಬೇರೆ. ಅದು ಸುಳ್ಳು, ಅದು ಸುಳ್ಳು ಅಂತ ನಿಮಗೆ ಗೊತ್ತಿತ್ತು. ಅಸಹ್ಯವಾದದ್ದು ಒಳ್ಳೆಯದೇ ಆಯಿತು. ಮುಂದಿನ ಭಾನುವಾರ ಆ ಹುಡುಗನನ್ನು ಕರೆದು, ‘ಅವತ್ತು ನಾನು ಹೇಳಿದ್ದು ತಪ್ಪು ಕಣೋ, ಡೈನೋಸಾರ್‌ಗಳು ಮನುಷ್ಯರು ಬರೋಕೆ ಬಹಳ ಮುಂಚೆನೇ, ಸುಮಾರು 6.6 ಕೋಟಿ ವರ್ಷದ ಹಿಂದೆನೇ ಸತ್ತುಹೋಗಿದ್ದವು’ ಎಂದು ಹೇಳಿ. ‘ಹಾಗಾದ್ರೆ ನೋಹ?’ ಅಂತ ಖಂಡಿತ ಕೇಳುತ್ತಾನೆ. ಆ ಕಥೆ ಪ್ರಾಣಿಗಳ ಲೆಕ್ಕ ಹೇಳೋಕೆ ಬರೆದದ್ದಲ್ಲ, ಲೋಕ ಕೆಟ್ಟಾಗ ದೇವರು ಏನು ಮಾಡಿದ ಅಂತ ಹೇಳೋಕೆ ಬರೆದದ್ದು ಅನ್ನಿ. ಹತ್ತು ವರ್ಷದವನಿಗೆ ಅಷ್ಟು ಅರ್ಥವಾಗುತ್ತದೆ. ನಾವೆಯಲ್ಲಿ ಡೈನೋಸಾರ್ ಇದ್ದರೆ ಮಾತ್ರ ಯೇಸು ನಿಜ ಅಂತ ಕಲಿತ ಮಗು, ಕಾಲೇಜಿಗೆ ಹೋದ ಮೊದಲ ವರ್ಷವೇ ಎರಡನ್ನೂ ಒಟ್ಟಿಗೆ ಬಿಸಾಡುತ್ತದೆ. ಆರು ಸಾವಿರ ವರ್ಷ ಅಂತಲೇ ಕಲಿಸಬೇಕು ಎಂದು ಸಭೆ ಹಟ ಹಿಡಿದರೆ ಆಗ ಪಾಠ ಬಿಡಿ, ಮಕ್ಕಳನ್ನು ಮುಂದಿಟ್ಟುಕೊಂಡು ಹಿರಿಯರ ಜೊತೆ ಜಗಳ ಬೇಡ.

ಅಪ್ಪನಿಗೆ ಹೇಳಬೇಕಾ? ಹೇಳಿ, ಆದರೆ ಕ್ರೋಮೋಸೋಮಿನಿಂದ ಶುರು ಮಾಡಬೇಡಿ. ಅಲ್ಲಿಂದ ಶುರು ಮಾಡಿದರೆ ಐದು ನಿಮಿಷದಲ್ಲಿ ಅವರು ಸಭೆಯ ಹಿರಿಯರಾಗಿಬಿಡುತ್ತಾರೆ, ನೀವು ವಿಶ್ವಾಸದಿಂದ ಹಿಂಜಾರಿದ ಮಗಳಾಗಿಬಿಡುತ್ತೀರಿ. ನಿಮ್ಮ ಅಕ್ಕ ಅವರ ಮಗಳು, ಅದನ್ನು ಮರೆಯಬೇಡಿ. ಮಗಳನ್ನು ಮಣ್ಣು ಮಾಡಿ ಬಂದ ಮುಂದಿನ ಭಾನುವಾರವೇ ಬಹುಶಃ ಅವರು ಮತ್ತೆ ಎಲ್ಲರ ಮುಂದೆ ನಿಂತು ಪ್ರಾರ್ಥನೆ ಮಾಡಬೇಕಾಗಿ ಬಂದಿರುತ್ತದೆ. ಅವರ ಬಾಯಿ ಮಾತ್ರ ಆಡುತ್ತಿತ್ತೋ ಏನೋ, ಯಾರು ಕೇಳಿದ್ದಾರೆ? ಇಬ್ಬರೇ ಇದ್ದಾಗ, ‘ಅಪ್ಪಾ, ಅಕ್ಕ ಹೋದಮೇಲೆ ನನಗೆ ಪ್ರಾರ್ಥನೆ ಮಾಡೋಕೆ ಆಗ್ತಿಲ್ಲ, ನಿಮಗೆ ಆಗುತ್ತಾ?’ ಅಂತ ಕೇಳಿ. ಅವರು ರೇಗಬಹುದು, ಎದ್ದು ಹೋಗಲೂಬಹುದು. ಆ ಹೊತ್ತಿಗೆ ಅಷ್ಟೇ ಬಿಡಿ. ಸೈನ್ಸಿನ ವಿಷಯ ಇನ್ನೊಂದು ದಿನಕ್ಕೆ ಇರಲಿ.

ಇಷ್ಟೆಲ್ಲ ಆದಮೇಲೂ ಕೊನೆಗೆ ನೀವು ನಂಬಿಕೆ ಬಿಟ್ಟುಬಿಡಬಹುದು. ನನಗೆ ಬೇಸರವಾಗುತ್ತದೆ, ಸುಳ್ಳು ಯಾಕೆ ಹೇಳಲಿ. ಆದರೂ ಬಿಡುವುದಾದರೆ ನಿಜವಾದ ಕಾರಣಕ್ಕೆ ಬಿಡಿ, ಗೆಳೆಯ ನಗುತ್ತಾನೆ ಅಂತ ಬೇಡ. ಉಳಿಯುವುದಾದರೂ ಹಾಗೇ, ಅಪ್ಪನ ಮರ್ಯಾದೆಗೋಸ್ಕರ ಉಳಿಯಬೇಡಿ. ತೀರ್ಮಾನಕ್ಕೆ ಯಾವ ಗಡುವೂ ಇಲ್ಲ, ಪಿಎಚ್‌.ಡಿ ಮುಗಿಯುವುದರೊಳಗೆ ಆಗಬೇಕು ಅಂತೇನೂ ಇಲ್ಲ.

ಗಡುವು ಇರುವುದು ಈಸ್ಟರ್ ಸಾಕ್ಷಿಗೆ ಮಾತ್ರ. ಈ ಸಲ ನನ್ನಿಂದ ಆಗಲ್ಲ ಎಂದು ಪಾಸ್ಟರಿಗೆ ಈ ವಾರವೇ ಹೇಳಿಬಿಡಿ. ಕಾರಣ ಕೇಳಿದರೆ ಅಕ್ಕನ ನೆನಪು ಜಾಸ್ತಿ ಆಗುತ್ತಿದೆ ಅನ್ನಿ, ಅದು ನಿಜವೇ ತಾನೆ. ಹಿಂದಿನ ದಿನದವರೆಗೆ ಎಳೆಯಬೇಡಿ, ಅವರೂ ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕಲ್ಲ.